ಸ್ವಿಚ್ ಆರಿಸಿದ ಮೇಲೂ ತಿರುಗುವ ಚಕ್ರ

ಕಳೆದ ವರ್ಷ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಜೋಗೇಶ್ವರಿಯ ನಮ್ಮ ವಾಶರ್ ಕಾರ್ಖಾನೆಯಲ್ಲಿ, ಪ್ರೆಸ್ ಯಂತ್ರದಿಂದ ಮೂರು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ವಿಜಯಪುರ ಕಡೆಯ ಮಲ್ಲಪ್ಪ ಕಟ್ಟಡದ ಕೆಲಸ ಬಿಟ್ಟು ಅಂದೇ ನಮ್ಮಲ್ಲಿ ಸೇರಿದ್ದರು. ಅವರಿಗೆ ಕಲಿಸುವ ಹೊಣೆ ನನ್ನದು.

"ತಗಡು ಸಿಕ್ಕೊಂಡ್ರ ಸ್ವಿಚ್ ಬಂದ್ ಮಾಡಿ, ಅದನ್ನ ತಗದು ಒರಸ್ರಿ, ಅಷ್ಟ. ತಿಳೀತಿಲ್ಲೊ?" ಎಂದಿದ್ದೆ.

"ತಿಳೀತ್ರೀ. ಸಿಮೆಂಟ್ ಕಲಸೂದಕ್ಕಿಂತ ಹಗೂರೈತಿ," ಎಂದು ಅವರು ನಕ್ಕಿದ್ದರು.

ಸ್ವಲ್ಪ ಹೊತ್ತಿಗೆ ತಗಡು ಸಿಕ್ಕಿಕೊಂಡಿತು. ಮಲ್ಲಪ್ಪ ನಾನು ಹೇಳಿದಂತೆಯೇ ಸ್ವಿಚ್ ಆರಿಸಿ, ಬಟ್ಟೆ ಹಿಡಿದು ಅಚ್ಚಿನ ಕೆಳಗೆ ಕೈ ಹಾಕಿದರು. ಬಗ್ಗಿದಾಗ ಅವರ ಕಾಲು, ಪ್ರೆಸ್ ಬೀಳಿಸುವ ಪೆಡಲಿನ ಮೇಲೆ ಸರಿಯತೊಡಗಿತು. ಪಕ್ಕದಲ್ಲಿ ಪ್ಯಾಕಿಂಗ್ ಮಾಡುತ್ತಿದ್ದ ಶಾರದಾ ಮಾವಶಿ, "ಅರೇ, ಚಾಕ ಫಿರತಂಯ!" ಎಂದು, ಚಕ್ರ ತಿರುಗುತ್ತಿದೆಯೆಂದು ಮರಾಠಿಯಲ್ಲಿ ಕೂಗಿ ಮಲ್ಲಪ್ಪನವರ ಮೊಣಕೈ ಹಿಡಿದೆಳೆದರು. ಅಷ್ಟರಲ್ಲಿ ಪ್ರೆಸ್ ಬಿತ್ತು. ಕೆಳಗೆ ಉಳಿದ ಬಟ್ಟೆಯಲ್ಲಿ ನಾಣ್ಯದಷ್ಟು ಅಗಲದ ತೂತು.

"ಬಂದ್ ಮಾಡೀನಲ್ರೀ... ಮತ್ಯಾಕ ಬಿತ್ತು?" ಮಲ್ಲಪ್ಪ ತೂತಾದ ಬಟ್ಟೆಯನ್ನೇ ನೋಡುತ್ತ ಕೇಳಿದರು.

ಸ್ವಿಚ್ ಆರಿಸಿದ ಮೇಲೂ ಪ್ರೆಸ್ಸಿನ ಪಕ್ಕದ ಭಾರದ ಚಕ್ರ ಒಂದಷ್ಟು ಹೊತ್ತು ತಿರುಗುತ್ತದೆ. ಆಗ ಪೆಡಲ್ ತುಳಿದರೆ ಪ್ರೆಸ್ ಬೀಳುತ್ತದೆ. ಇಪ್ಪತ್ತು ವರ್ಷ ಅದರೊಡನೆ ಕಳೆದ ನನಗೆ, ಇದನ್ನು ಬಾಯಿಬಿಟ್ಟು ಹೇಳಬೇಕೆಂದು ಹೊಳೆದೇ ಇರಲಿಲ್ಲ.

ಈಗ ಯಾರಾದರೂ "ತಿಳೀತು" ಎಂದರೆ ನನಗೆ ಭಯವಾಗುತ್ತದೆ. ಅವರ ಬಾಯಿಂದಲೇ ಎಲ್ಲವನ್ನೂ ಹೇಳಿಸುತ್ತೇನೆ. ಅಂದು ನಡೆದದ್ದನ್ನು ಕಂಡವರು ನನ್ನ ಹೊರತು ಇಬ್ಬರೇ. ಶಾರದಾ ಮಾವಶಿ ಇಂದಿಗೂ ಅದೇ ಮೇಜಿನಲ್ಲಿದ್ದಾರೆ. ಮಲ್ಲಪ್ಪ ಮರಳಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ, ಹತ್ತೂ ಬೆರಳುಗಳೊಂದಿಗೆ.