ಮೀನಿಗೊಂದು ಮಣ್ಣಿನ ಮನೆ

ಕೆರೆಯ ಪಕ್ಕದ ಒಂದೂರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳಂತೆ. ಒಂದು ಪುಟ್ಟ ಮೀನಿಗೆ ಮನೆ ಕಟ್ಟಿಕೊಡುತ್ತೇನೆಂದು ಮಾತು ಕೊಟ್ಟಿದ್ದಳಂತೆ. ಇದ್ದಳಂತೆ ಏನು, ಇದ್ದಾರೆ! ಊರು ಹಳೇಬೀಡು, ಹೆಸರು ಹನುಮಕ್ಕ. ಈಗಷ್ಟೇ ಬೆಳಕು ಹರಿಯುತ್ತಿದೆ. ಮಡಕೆ ಸುಡುವ ಆವಿಗೆಯ ಬೂದಿ ಕೆದಕುತ್ತಾ ಕೂತಿದ್ದಾರೆ.

ಗಡಿಗೆ ಕುಡಿಕೆಗಳ ನಡುವಿನಿಂದ ಅಂಗೈಯಗಲದ ಒಂದು ಮನೆ ಹೊರಬರುತ್ತದೆ. ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು, ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ: "ಟಣ್ ಅಂತೈತೆ ಕಣವ್ವ. ಹಸಿ ಉಳಿದಿದ್ರೆ ನೀರಲ್ಲಿ ರಾಡಿ ಆಗೋಗದು." ಆಮೇಲೆ ಪುಟ್ಟ ಬಾಗಿಲಿಗೆ ಹೆಬ್ಬೆರಳು ತೂರಿಸುತ್ತಾರೆ. ಬಿಗಿಯಾಗಿ ಹೋಗುತ್ತದೆ. "ಬೆಂದಾಗ ಮಣ್ಣು ಕುಗ್ತದೆ, ಅದ್ಕೇ ಹಸೀಲಿ ಒಸಿ ಸಡಿಲ ಬಿಟ್ಟಿದ್ದೆ. ನನ್ನ ಹೆಬ್ಬೆಟ್ಟು ಹೋದ್ರೆ ಸಣ್ಣದು ಹೋಯ್ತದೆ, ದೊಡ್ಡದು ಹೋಗಾಕಿಲ್ಲ."

ಸಣ್ಣದು, ದೊಡ್ಡದು ಎಂದರೆ ಬೇಲೂರಿನ ವಕೀಲರ ಮನೆಯ ಗಾಜಿನ ತೊಟ್ಟಿಯಲ್ಲಿರುವ ಎರಡು ಮೀನುಗಳು. ಬೆಂಗಳೂರಿನಿಂದ ಅರಸೀಕೆರೆಗೆ ರೈಲಿನಲ್ಲಿ, ಅಲ್ಲಿಂದ ಮೋಟಾರಿನಲ್ಲಿ, ಮಡಕೆಯೊಳಗೆ ಕೂತು ಬಂದವು. ದೊಡ್ಡದು ಸಣ್ಣದರ ಬಾಲವನ್ನು ಕಚ್ಚಿ ಕಚ್ಚಿ ಹರಿದಿದೆ. ಅಡಗಲು ತೊಟ್ಟಿಯಲ್ಲಿ ಜಾಗವಿಲ್ಲ. ಈ ಯುದ್ಧದ ಕಾಲದಲ್ಲಿ ಮೀನು ಅಡಗುವಂಥ ಶೋಕಿಯ ಸಾಮಾನು ಯಾವ ಅಂಗಡಿಯಲ್ಲಿದೆ? ವಕೀಲರ ಮಡದಿ ವಿಶಾಲಮ್ಮ ಸಂತೆಯಲ್ಲಿ ಮಡಕೆ ಕೊಳ್ಳುತ್ತಾ ಸಣ್ಣ ಮೀನಿನ ಪಾಡು ಹೇಳಿಕೊಂಡರು. ಹನುಮಕ್ಕ ಅಲ್ಲೇ ಮಾತು ಕೊಟ್ಟುಬಿಟ್ಟರು.

ಇದಕ್ಕೂ ಮೊದಲು ಮಾಡಿದ ಮನೆ ಬಲು ಚೆಂದವಿತ್ತು. ಆದರೆ ಹೊಸ ಮನೆಯನ್ನು ಯಾರಾದರೂ ಬೋಳಾಗಿ ಬಿಡುತ್ತಾರೆಯೇ? ಹನುಮಕ್ಕ ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದು ತೊಟ್ಟಿಗಿಳಿಸಿದರು. ನೀರು ಮಜ್ಜಿಗೆಯಂತಾಯಿತು. ಎರಡೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ವಿಶಾಲಮ್ಮ ಓಡಿಬಂದು ಅವನ್ನು ಬಾವಿಯ ನೀರು ತುಂಬಿದ ಪಾತ್ರೆಗೆ ಹಾಕಿದ್ದರಿಂದ ಹೇಗೋ ಉಳಿದುಕೊಂಡವು.

"ಕಾಪಾಡಾಕೆ ಹೋಗಿ ಕೊಂದೇ ಬುಡ್ತಿದ್ದೆ" ಎನ್ನುತ್ತಾರೆ ಹನುಮಕ್ಕ. "ಮನೆ ಅಂದ್ರೆ ಸುಣ್ಣ ಅನ್ನೋದು ಕೈಗೇ ಅಂಟ್ಕಂಡೈತೆ ಕಣವ್ವ. ಅವತ್ತಿಂದ ಅನ್ನ ಸೇರ್ತಿಲ್ಲ."

ಮಣ್ಣು ಹೊತ್ತು, ತುಳಿದು, ಮಡಕೆ ತಟ್ಟಿ, ಸಂತೆಗೆ ಒಯ್ಯುವುದು ಹನುಮಕ್ಕನವರ ಬದುಕು. ತಿಗರಿ ಮಾತ್ರ ಗಂಡ ಮರಿಯಣ್ಣನವರದು. ಅದನ್ನು ತಿರುಗಿಸುತ್ತಲೇ ಅವರು ಕೆಣಕುತ್ತಾರೆ: "ನಮ್ಮ ಸೂರು ಸೋರ್ತೈತೆ, ಇವಳು ಮೀನಿಗೆ ಮನೆ ಕಟ್ತವಳೆ. ಗೃಹಪ್ರವೇಶದ ಊಟ ಯಾವತ್ತೇ?"

"ಇವತ್ತೇಯ. ನೀನು ಎರೆಹುಳ ಅಗೆದು ತತ್ತಾ, ಪಂಕ್ತೀಲಿ ಕೂರಿಸ್ತೀನಿ."

ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುವ ಬೇಲೂರಿನ ಬಸ್ಸು ಏರು ಬಂದಲ್ಲೆಲ್ಲ ಏದುಸಿರು ಬಿಟ್ಟು ನಿಲ್ಲುತ್ತದೆ. ಎಲ್ಲರೂ ಇಳಿದು ನಡೆಯಬೇಕು. ಹುಲ್ಲು ಹಾಸಿ ಮನೆಯನ್ನಿಟ್ಟ ಬುಟ್ಟಿಯನ್ನು ಹನುಮಕ್ಕ ಕೂಸಿನಂತೆ ಅವುಚಿಕೊಂಡೇ ನಡೆಯುತ್ತಾರೆ.

ಬೇಲೂರಿನಲ್ಲಿ ವಿಶಾಲಮ್ಮ ಬಾಗಿಲಲ್ಲೇ ತಡೆಯುತ್ತಾರೆ. "ಹನುಮಕ್ಕ, ಸುಣ್ಣ ಗಿಣ್ಣ ಏನೂ ಇಲ್ಲ ತಾನೆ?"

"ಒಂದು ಪಾತ್ರೇಲಿ ನೀರು ಕೊಡ್ರಮ್ಮಾವ್ರೆ. ಅದ್ರಲ್ಲಿ ಅದ್ದಿ ಮೊದ್ಲು ನಾನೇ ಕುಡೀತೀನಿ."

ಮನೆಯನ್ನು ನೆನೆಹಾಕುತ್ತಾರೆ. ಬಹಳ ಹೊತ್ತು ಕಾದರೂ ನೀರು ತಿಳಿಯಾಗಿಯೇ ಇದೆ. ಹೇಳಿದಂತೆ ಒಂದು ಗುಟುಕು ಕುಡಿದೂ ಬಿಡುತ್ತಾರೆ. "ಮಳೆ ಬಿದ್ದ ಮಣ್ಣಿನ ವಾಸ್ನೆ ಐತೆ, ಅಷ್ಟೇ." ವಿಶಾಲಮ್ಮ ನಕ್ಕು ದಾರಿ ಬಿಡುತ್ತಾರೆ.

ಮನೆ ತೊಟ್ಟಿಯ ತಳಕ್ಕೆ ಇಳಿಯುತ್ತದೆ. ಸಣ್ಣ ಮೀನು ಮೂಲೆಗೆ ಅಂಟಿಕೊಂಡು ನಿಂತಿದೆ. ಹರಿದ ಬಾಲ ನೂಲಿನಂತೆ ಅಲುಗುತ್ತಿದೆ. ದೊಡ್ಡದು ನುಗ್ಗುತ್ತದೆ. ಸಣ್ಣದು ತಪ್ಪಿಸಿಕೊಂಡು ಮನೆಯನ್ನು ಸುತ್ತುತ್ತದೆ, ಬಾಗಿಲನ್ನು ದಾಟಿ ಮುಂದೆ ಹೋಗಿಬಿಡುತ್ತದೆ. ಹನುಮಕ್ಕನವರ ಕೈ ಸೆರಗನ್ನು ಹಿಂಡುತ್ತಿದೆ. ಮತ್ತೆ ಅಟ್ಟುತ್ತದೆ ದೊಡ್ಡದು. ಈ ಸಲ ಸಣ್ಣದು ತಟ್ಟನೆ ತಿರುಗಿ ಒಳಗೆ ನುಸುಳುತ್ತದೆ. ದೊಡ್ಡದರ ಮೂತಿ ಬಾಗಿಲಿಗೆ ಬಡಿಯುತ್ತದೆ, ಇನ್ನೊಮ್ಮೆ ಬಡಿಯುತ್ತದೆ, ಆಮೇಲೆ ಸುಮ್ಮನೆ ಅತ್ತ ಸರಿಯುತ್ತದೆ.

ವಿಶಾಲಮ್ಮ ಮನೆಮಂದಿಯನ್ನೆಲ್ಲ ಕೂಗಿ ಕರೆಯಲು ಬಾಯಿ ತೆರೆಯುತ್ತಾರೆ. ಹನುಮಕ್ಕ ಒದ್ದೆ ಕೈಯೆತ್ತಿ ತಡೆಯುತ್ತಾರೆ.

"ಒಸಿ ತಡೀರಮ್ಮಾವ್ರೆ. ಹೆದ್ರಿ ಬಂದೈತೆ. ಸುಧಾರಿಸ್ಕಳ್ಳಿ."