ಭಾವನ ಕ್ಯಾನು

"ತಡೀರಿ ಮಾಸ್ತರೆ, ಹಾಳೆ ತಿರುಗಿಸ್ಬೇಡಿ. ನಂದು ಇನ್ನೂ ಎರಡು ಸಾಲು ಅದೆ."

ಹೊನ್ನಾವರದಿಂದ ಕುಮಟಾಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೀಗೆಂದಾಗ ಬೆಚ್ಚಿಬಿದ್ದೆ. ಅರವತ್ತು ದಾಟಿದ ಮೀನುಗಾರರು. ನನ್ನ ಕೈಯಲ್ಲಿದ್ದ ಪುಸ್ತಕವನ್ನು ಅವರೂ ಓದುತ್ತ ಬಂದಿದ್ದರು. ಮಹಾಯುದ್ಧದ ನಂತರದ ವಿಜ್ಞಾನ ಕತೆಗಳ ಅನುವಾದ ಅದು. ಮಧ್ಯಾಹ್ನ ಕಾಲೇಜಿನಲ್ಲಿ ಅದರ ಬಗ್ಗೆಯೇ ನನ್ನ ಭಾಷಣವಿತ್ತು. ಕತೆಯಲ್ಲಿ, ಕೆಟ್ಟು ನಿಂತ ಗಗನನೌಕೆಯೊಳಗೆ ಒಬ್ಬನೇ ಉಳಿದವನು ಯಾರಿಗಾಗಿ ಬದುಕಿರಬೇಕೆಂದು ಕೇಳಿಕೊಳ್ಳುತ್ತಾನೆ. ಉತ್ತರ ಸಿಗದೆ ಕೈಚೆಲ್ಲುತ್ತಾನೆ. ಉತ್ತರ ನನಗೂ ಹೊಳೆದಿರಲಿಲ್ಲ. ಭಾಷಣದ ತಯಾರಿ ಅಲ್ಲಿಗೇ ನಿಂತಿತ್ತು.

"ನಾನೂ ಒಂದ್ಸಲ ಹಾಂಗೇ ಇದ್ದೆ" ಎಂದರು. ದೋಣಿ ಮಗುಚಿ, ಖಾಲಿ ಪ್ಲಾಸ್ಟಿಕ್ ಕ್ಯಾನು ತಬ್ಬಿಕೊಂಡು ಬೆಳಗಿನಿಂದ ಸಂಜೆಯವರೆಗೆ ಸಮುದ್ರದಲ್ಲಿ ತೇಲಿದ್ದರಂತೆ. ಮರಗಟ್ಟಿದ ಕೈ ಎರಡು ಸಲ ಸಡಿಲವಾಗಿತ್ತಂತೆ.

"ಆಗ ಎಂತ ಯೋಚನೆ ಮಾಡಿದ್ರಿ?"

"ಎಂತ ಯೋಚ್ನೆ! ಕ್ಯಾನು ನಂದಲ್ಲ, ಭಾವಂದು. ಬೆಳಿಗ್ಗೆ ಕೇಳಿ ತಂದದ್ದು. ಬಿಟ್ರೆ ಅಂವ ಸುಮ್ನಿರ್ತ್ನಾ? ನನ್ನ ತಿಥಿ ಊಟಕ್ಕೆ ಬಂದು ಕ್ಯಾನು ಎಲ್ಲಿ ಅಂತ ಕೇಳ್ತಿದ್ದ!"

ಇಳಿಯಲು ಎದ್ದವರು ಪುಸ್ತಕದ ಕಡೆ ಮರುಕದಿಂದ ನೋಡಿದರು. "ನಿಮ್ಮ ಕತೆಯವ ಯಾರ ಹತ್ರನೂ ಎಂತದೂ ಕೇಳಿ ತಂದಿರ್ಲಿಲ್ಲ ಕಾಣ್ತದೆ, ಪಾಪ."

ಕುಮಟಾದಲ್ಲಿ ಇಳಿದಾಗ ನನ್ನ ಎರಡೂ ಕೈಗಳು ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದವು. ಅದು ನನ್ನದಲ್ಲ, ಭಟ್ಕಳದ ಗೆಳೆಯನದು. ವಾಪಸು ಕೊಡು ಎಂದು ಅವನು ಆಗಲೇ ಮೂರು ಸಲ ಫೋನ್ ಮಾಡಿದ್ದಾನೆ.