ಧನಶ್ರೀಯ ಅಳತೆಯ ಚಪ್ಪರ

ಹತ್ತು ವರ್ಷ ಕೊಚ್ಚಿಯ ನೀರು ಕುಡಿದರೂ ನಿತ್ಯಾನಂದ ಒಂದನ್ನು ಮಾತ್ರ ಕಲಿಯಲಿಲ್ಲ: ಅಲ್ಲಿನ ಮಳೆಗೆ ಹೆದರುವುದನ್ನು. ವಿಜಯಪುರ ಕಡೆಯ ತಿಕೋಟಾದವರು ನೋಡಿ, ಮಳೆ ಬಂದರೆ ಬಂತು ಅನ್ನುವ ಸೀಮೆಯವರು. ಹೆಂಡತಿ ಧನಶ್ರೀ ತವರಿನ ತೋಟದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಮೂರು ದ್ರಾಕ್ಷಿ ಕಡ್ಡಿಗಳನ್ನು ಕೊಚ್ಚಿಯ ಅಂಚಿನ ಏಲೂರಿನ ಮನೆಯ ಹಿತ್ತಲಲ್ಲಿ ನೆಟ್ಟಿದ್ದಳು. ಅವಳು ತೀರಿಕೊಂಡ ಮೇಲೆ ಇವರು ಬಿದಿರಿನ ಚಪ್ಪರ ಕಟ್ಟಿದರು. ಒಂದೇ ಮಳೆಗಾಲಕ್ಕೆ ಬಿದಿರು ಕೊಳೆತು, ಚಪ್ಪರ ಬಳ್ಳಿಗಳ ಸಮೇತ ನೆಲಕ್ಕೆ ಬಿತ್ತು. ಎರಡು ಸತ್ತವು. ಉಳಿದದ್ದು ಒಂದು, ಅದೂ ಮಣ್ಣಲ್ಲಿ ಹೊರಳುತ್ತಿತ್ತು. ಮುಂದಿನ ಮಳೆಯೊಳಗೆ ಎತ್ತಿ ಕಟ್ಟದಿದ್ದರೆ ಅದರ ಕಥೆಯೂ ಮುಗಿದಂತೆಯೇ. ಧನಶ್ರೀ ನೆಟ್ಟದ್ದರಲ್ಲಿ ಜೀವ ಇದ್ದದ್ದು ಅದೊಂದಕ್ಕೇ.

ಮಗಳು ದಿಶಾ ತಿರುವನಂತಪುರದಲ್ಲಿ ಓದುತ್ತಿದ್ದಳು. ಭಾನುವಾರ ಫೋನಿನಲ್ಲಿ ಇವರು ಕನ್ನಡದಲ್ಲಿ ಕೇಳುವುದು, ಅವಳು ಮಲಯಾಳದಲ್ಲಿ ಉತ್ತರಿಸುವುದು. ಊಟ ಆಯಿತಾ, ಆಯಿತು. ಆಮೇಲೆ ವಾರವಿಡೀ ಆ ಮನೆಯಲ್ಲಿ ಮಾತಾಡುವುದು ಟಿವಿ ಒಂದೇ.

ಪಕ್ಕದ ಮನೆಯ ಔಸೇಪ್ ಚೇಟ್ಟನ್, ಅಂದರೆ ಔಸೇಪಣ್ಣ, ನಿವೃತ್ತ ಫಿಟ್ಟರ್. ಕಾಂಪೌಂಡಿನಾಚೆಯಿಂದ ಇಣುಕಿ, "ಸಾರೇ, ಬಿದಿರು ಬೇಡ" ಎಂದು ಗುಜರಿ ಅಂಗಡಿಗೆ ಕರೆದೊಯ್ದು ಅಗ್ಗಕ್ಕೆ ಹಳೆಯ ಕಬ್ಬಿಣದ ಪೈಪು ಕೊಡಿಸಿದ. ಮೊಣಕಾಲಾಳದ ಗುಂಡಿ, ಜಲ್ಲಿ, ಸಿಮೆಂಟು. ಕೊನೆಯ ಕಂಬಗಳನ್ನು ತುಸು ಹೊರಕ್ಕೆ ವಾಲಿಸಿ, ತಲೆಯಿಂದ ತಂತಿ ಎಳೆದು ನೆಲದಲ್ಲಿ ಹೂತ ಕಲ್ಲಿಗೆ ಬಿಗಿಯಬೇಕು. "ಆಚೆಯಿಂದ ಹಿಡಿದುಕೊಳ್ಳುವವರು ಇಲ್ಲದಿದ್ದರೆ ಕಂಬ ನಿಲ್ಲುವುದಿಲ್ಲ" ಎಂದ. ಅದನ್ನು ಈ ಮನುಷ್ಯನಿಗೆ ಹೇಳಬೇಕಿತ್ತೇ!

"ಎತ್ತರ ಎಷ್ಟು?" ಎಂದು ಔಸೇಪ್ ಕೇಳಿದ.

ತಿಕೋಟಾದಲ್ಲಿ ಚಪ್ಪರಕ್ಕೆ ಟೇಪು ಹಿಡಿಯುವುದಿಲ್ಲ. ಮನೆಯ ಹೆಣ್ಣುಮಗಳು ನಿಂತು ಕೈ ಎತ್ತಿದರೆ ಗೊನೆ ಸಿಗಬೇಕು, ಅದೇ ಅಳತೆ. ನಿತ್ಯಾನಂದರ ಕೈ ತಾನಾಗಿ ತಮ್ಮ ಹಣೆಯ ಮಟ್ಟಕ್ಕೆ ಹೋಯಿತು. ಆರಡಿ ಆಳನ್ನು ಔಸೇಪ್ ಮೇಲಿಂದ ಕೆಳಗೆ ನೋಡಿ, ಪೈಪಿಗೆ ಆ ಮಟ್ಟದಲ್ಲೇ ಗುರುತು ಹಾಕಿದ.

ನಾಲ್ಕು ಭಾನುವಾರ ಹಿಡಿಯಿತು. ಬಳ್ಳಿಯನ್ನೆತ್ತಿ ಸುತಳಿಯಿಂದ ಕಟ್ಟಿದ ಮೂರನೆಯ ದಿನಕ್ಕೆ ಮಳೆ ಹಿಡಿದುಕೊಂಡಿತು. ಚಪ್ಪರ ಜಪ್ಪಯ್ಯ ಅನ್ನಲಿಲ್ಲ. ಒಳ್ಳೆಯದೇ ಆಯಿತು, ಆದರೆ ಶಭಾಶ್ ಅನ್ನಲು ಮನೆಯಲ್ಲಿ ನರಪಿಳ್ಳೆ ಇರಲಿಲ್ಲ. ಆ ಸಂಜೆ ನಿತ್ಯಾನಂದರಿಗೆ ಅಳು ಬಂತು, ಅತ್ತರು.

ಜೂನ್ ಕೊನೆಗೆ ದಿಶಾ ಎರಡು ದಿನಕ್ಕೆ ಬಂದಳು. ಅಪ್ಪನ ಎತ್ತರ ಹುಡುಗಿಗೆ. ಹಿತ್ತಲಿಗೆ ಹೋದವಳ ಹಣೆಗೆ ಚಪ್ಪರದ ತಂತಿ ತಗುಲಿತು. ಉಜ್ಜಿಕೊಳ್ಳುತ್ತ, ಇಷ್ಟು ತಗ್ಗಾಗಿ ಯಾರಿಗೆ ಕಟ್ಟಿದ್ದು ಎಂದು ಮಲಯಾಳದಲ್ಲಿ ಕೇಳಿದಳು.

ನಿತ್ಯಾನಂದರಿಗೆ ಆಗ ಹೊಳೆಯಿತು. ಆ ಅಳತೆಯವರು ಈ ಮನೆಯಲ್ಲಿ ಯಾರೂ ಇಲ್ಲ.

"ತಪ್ಪಾತವ್ವಾ," ಎಂದರು. "ಎತ್ತರ ಮಾಡಸ್ತೀನಿ."

ದಿಶಾ ತಂತಿ ಹಿಡಿದು, ಅವ್ವ ಎತ್ತಿದ ಕೈ ಎಲ್ಲಿಗೆ ಬರುತ್ತಿತ್ತೆಂದು ಅಂದಾಜು ಮಾಡಿದಳು. ಆಮೇಲೆ ಕನ್ನಡದಲ್ಲಿ, ತಡವರಿಸುತ್ತ, "ಬ್ಯಾಡ್ರಿ ಅಪ್ಪಾ. ಅವ್ವನ ಅಳತಿ ಐತಿ, ಇರ್ಲಿ. ನಾವ ಬಗ್ಗೂಣು" ಎಂದಳು.

ಸೋಮವಾರ ಅವಳನ್ನು ರೈಲು ಹತ್ತಿಸಿ ಬಂದ ನಿತ್ಯಾನಂದ ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ಹೋದರು, ಬಗ್ಗಿ ಒಳಗೆ ಹೊಕ್ಕರು.